ಧನ್ಯಾ ಕೇಳಿದ ‘ವಾಸ್’

“ಮಿಸ್, ಎನ್ನ ಅವ್ವೆ ಈಸಾ, ವಾಸಾ?”

ಕಳೆದ ವಾರ ಒಂದನೇ ಕ್ಲಾಸಿನ ಧನ್ಯಾ ನನ್ನನ್ನು ಹೀಗೆ ಕೇಳಿದಳು. ಬಡಗರ ಹುಡುಗಿ. ಅವ್ವೆ ಎಂದರೆ ಅಮ್ಮ. ಉತ್ತರ ನನಗೆ ಗೊತ್ತಿತ್ತು. ಕ್ಲಾಸಿನ ಉಳಿದ ಮಕ್ಕಳಿಗೂ ಗೊತ್ತಿತ್ತು. ಬಾಯಿ ಬಿಡಲು ಯಾರಿಗೂ ಅಪ್ಪಣೆ ಇರಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಕೋತಗಿರಿಯಿಂದ ಬಸ್ಸಿನಲ್ಲಿ ಹೋಗಿ ಇಳಿಯುವ ಒಂದು ಹಟ್ಟಿಯ ಪುಟ್ಟ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. (ನನ್ನ ಮನೆಮಾತು ಮೈಸೂರು ಕಡೆಯ ಕನ್ನಡ, ಮಕ್ಕಳದು ಬಡಗ, ಬಸ್ಸಿನಲ್ಲಿ ಎಲ್ಲರದೂ ತಮಿಳು. ಹೇಗೋ ನಡೆಯುತ್ತದೆ.) ಕೆಲವು ಇಂಗ್ಲಿಷ್ ಪದಗಳನ್ನು ಅಕ್ಷರ ಕೂಡಿಸಿ ಓದಿಸಲು ಹೋದರೆ ಎಡವಟ್ಟಾಗುತ್ತದೆ. ‘ವಾಸ್’ (was) ಅಂಥದ್ದು. ಬರೆಯುವುದು ಒಂದು, ಹೇಳುವುದು ಇನ್ನೊಂದು. ಕಾರ್ಡ್ ತೋರಿಸಬೇಕು, ನೋಡಿದ ಕೂಡಲೇ ಮಕ್ಕಳು ಹೇಳಬೇಕು, ಅಷ್ಟೇ. ಅರ್ಥ ಆಮೇಲೆ ತಾನಾಗಿ ಬರುತ್ತದೆ ಎನ್ನುತ್ತಾರೆ ತರಬೇತಿಯಲ್ಲಿ.

ಅಷ್ಟಕ್ಕೇ ಬಿಡುವ ಅಭ್ಯಾಸ ನನಗಿಲ್ಲ. ಈಗ ಇದ್ದರೆ ಈಸ್, ಮೊದಲು ಇದ್ದು ಈಗ ಇಲ್ಲದಿದ್ದರೆ ವಾಸ್ ಎಂದೆ. ಉದಾಹರಣೆ ನೀವೇ ಕೊಡಿ ಎಂದೆ. ಕಿಟಕಿಯಾಚೆಯ ಮಂಜು ಈಸ್. ನಿನ್ನೆಯ ಮಳೆ ವಾಸ್. ಒಬ್ಬ ಬಾಯಿ ತೆರೆದು, ಹಲ್ಲು ಬಿದ್ದ ಜಾಗ ತೋರಿಸಿ ವಾಸ್ ಎಂದ. ಎಲ್ಲರೂ ನಕ್ಕರು. ಆಗ ಧನ್ಯಾ ಕೈ ಎತ್ತಿದಳು.

ಅವಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಜ್ವರವೆಂದು ಕೊಯಮತ್ತೂರಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಲ್ಲಿಂದ ಬಂದದ್ದು ಹೆಣ. ಅದು ಬರುವ ಮೊದಲೇ ಧನ್ಯಾಳನ್ನು ಮಂಜೂರಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ವಾಪಸ್ ಬಂದಾಗ ಅವ್ವೆ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ ಎಂದರು. ಇಡೀ ಹಟ್ಟಿ ಆ ಮಾತಿಗೆ ಕಟ್ಟುಬಿದ್ದಿತ್ತು. ಅವಳ ಓರಗೆಯ ಮಕ್ಕಳಿಗೂ ಅವರವರ ತಾಯಂದಿರು ತಾಕೀತು ಮಾಡಿದ್ದರು.

ಅವಳ ಪ್ರಶ್ನೆಗೆ ಮಕ್ಕಳಲ್ಲಿ ಕೆಲವರು ನನ್ನನ್ನು ನೋಡಿದರು, ಕೆಲವರು ಡೆಸ್ಕನ್ನು. ಈಸ್ ಎಂದರೆ ಸುಳ್ಳು. ವಾಸ್ ಎನ್ನಲು ನಾನ್ಯಾರು?

ಅವಳ ಪಕ್ಕ ಕುಳಿತು, “ಇದನ್ನ ನಿಮ್ಮಪ್ಪನೇ ಹೇಳಬೇಕು ಕಣಮ್ಮ. ಸಂಜೆ ನಾನೂ ಬರ್ತೀನಿ” ಎಂದೆ. ತಲೆಯಾಡಿಸಿದಳು. ಮತ್ತೆ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಸಂಜೆ ಹೋದೆ. ಅವಳ ಅಪ್ಪ ಭೋಜನ್ ಆಗಷ್ಟೇ ಫ್ಯಾಕ್ಟರಿಗೆ ಟೀ ಎಲೆ ಹಾಕಿ ಬಂದಿದ್ದರು. ನಡೆದದ್ದನ್ನು ಹೇಳಿದೆ. ಧನ್ಯಾಳ ಹೆತ್ತೆ (ಅಜ್ಜಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಹೊದ್ದ ಬಿಳಿ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡರು. ಇನ್ನೊಂದು ವರ್ಷ ಹೋಗಲಿ, ಮಗು ಸ್ವಲ್ಪ ದೊಡ್ಡದಾಗಲಿ ಎಂದು ಬೇಡಿಕೊಂಡರು.

ಭೋಜನ್ ನೆಲ ನೋಡುತ್ತಾ ನಿಂತಿದ್ದರು. “ನೀವೇ ಹೇಳಿಬಿಡಿ ಟೀಚರ್. ನನ್ನ ಬಾಯಿಂದ ಆ ಮಾತು ಬರೋದಿಲ್ಲೆ.”

“ನಾನು ಹೇಳಿ ಮನೆಗೆ ಹೋಗ್ತೀನಿ. ಆಮೇಲೆ ಅವಳು ಯಾರನ್ನ ಹಿಡ್ಕೊಂಡು ಅಳಬೇಕು?”

ಭೋಜನ್ ಒಳಗಿದ್ದ ಮಗಳನ್ನು ಕರೆದು, ಅವಳ ಕೈ ಹಿಡಿದು ಮನೆ ಹಿಂದಿನ ಟೀ ತೋಟದ ಕಡೆ ನಡೆದರು. ನಾನೂ ಹೆತ್ತೆಯೂ ಹಿತ್ತಿಲ ಬಾಗಿಲಲ್ಲಿ ನಿಂತೆವು. ಗಿಡಗಳ ನಡುವೆ ಅವರು ಮಂಡಿಯೂರಿದ್ದು ಕಾಣಿಸಿತು. ಮಾತು ಕೇಳಿಸಲಿಲ್ಲ. ಅಳು ಕೇಳಿಸಿತು. ಅದು ಗಂಡಸಿನ ಅಳು. ಧನ್ಯಾ ಅಪ್ಪನ ತಲೆ ತಬ್ಬಿಕೊಂಡು ನಿಂತಿದ್ದಳು.

ಇಬ್ಬರೂ ವಾಪಸ್ ಬರುವಾಗ ಅವಳೂ ಬಿಕ್ಕುತ್ತಿದ್ದಳು. ಹೆತ್ತೆ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ಅಷ್ಟು ದಿನ ಮೂವರೂ ಮರೆಯಲ್ಲಿ ಅತ್ತಿದ್ದರು. ಅವತ್ತು ಒಟ್ಟಿಗೆ ಅತ್ತರು.

ಬಸ್ಸಿನವರೆಗೆ ಬಿಡಲು ಬಂದ ಭೋಜನ್ ದಾರಿಯಲ್ಲಿ ಹೇಳಿದರು: ಮಗಳಿಗೆ ಮೊದಲೇ ಅನುಮಾನವಿತ್ತಂತೆ. ಮನೆಯಲ್ಲಿ ಯಾಕೆ ಕೇಳಲಿಲ್ಲ ಎಂದದ್ದಕ್ಕೆ ಅವಳ ಉತ್ತರ ಇದು.

“ಇಲ್ಲಿ ಕೇಳಿದರೆ ಹೆತ್ತೆ ಅಳ್ತಾಳೆ, ನೀನು ಊಟ ಬಿಡ್ತೀಯ. ಮಿಸ್ ಅಳೋದಿಲ್ಲೆ.”

(ಬಸ್ಸು ಹತ್ತಿದ ಮೇಲೆ ಮಿಸ್ ಅತ್ತಳು. ಅದು ಬೇರೆ ಮಾತು.)

ಸೋಮವಾರ ಧನ್ಯಾ ಶಾಲೆಗೆ ಬಂದಳು. ‘ವಾಸ್’ ಕಾರ್ಡ್ ಎತ್ತಿದಾಗ ಎಲ್ಲರ ಜೊತೆ ಓದಿದಳು, ಸಣ್ಣ ದನಿಯಲ್ಲಿ. ಊಟದ ಬಿಡುವಿನಲ್ಲಿ ಪಕ್ಕದ ಮನೆಯ ಹುಡುಗಿ ಅವಳ ಹತ್ತಿರ ಕುಳಿತು, ನಿನ್ನ ಅವ್ವೆ ನನಗೆ ಒಂದು ಸಲ ಜಡೆ ಹಾಕಿದ್ದಳು ಎಂದಳು. ಅಷ್ಟು ದಿನ ತಡೆದು ಇಟ್ಟುಕೊಂಡಿದ್ದ ಮಾತು. ಧನ್ಯಾ ಕೇಳಿಸಿಕೊಂಡಳು, ಇನ್ನೂ ಹೇಳು ಎಂದಳು.

ಮಗು ಅಳಬಾರದೆಂದು ನಾವು ಸುಳ್ಳು ಹೇಳುತ್ತೇವೆ. ದೊಡ್ಡವರು ಅಳಬಾರದೆಂದು ಮಗು ಸುಮ್ಮನಿರುತ್ತದೆ. ಆ ಮನೆಯಲ್ಲಿ ಎರಡು ತಿಂಗಳು ಯಾರು ಯಾರನ್ನು ಕಾಯುತ್ತಿದ್ದರು, ನೀವೇ ಹೇಳಿ?