ನಮ್ಮ ಮೂರನೇ ಆಲ್ಬಮ್ಮಿನ ಗಿಟಾರು

ನಮ್ಮ ಬ್ಯಾಂಡಿನ ಎರಡನೇ ಆಲ್ಬಮ್ಮನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಎಂಟು ಹಾಡುಗಳಲ್ಲಿ ಆರು ಪ್ರೇಮದವು, ಮಿಕ್ಕೆರಡು ವಿರಹದವು. ತೊಟ್ಟಿಲು ತೂಗುವವರ ಹಾಗೆ ಗಿಟಾರು ನುಡಿಸಬೇಕಿತ್ತು. ವಡೋದರಾದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವು ನಾಲ್ವರು ಬ್ಯಾಂಡು ಕಟ್ಟಿದ್ದು ಹೆವಿ ಮೆಟಲ್ ರಾಕ್ ಬಾರಿಸುವುದಕ್ಕೆ, ಕೇಳಿದವರ ಎದೆಗೆ ಗುದ್ದುವುದಕ್ಕೆ. ಮೊದಲ ಕ್ಯಾಸೆಟ್ಟು ಹಾಗೇ ಇತ್ತು. ಹಾಸ್ಟೆಲ್ಲಿನ ವಾರ್ಡನ್ ಅದನ್ನು ಕೇಳಿ, ಟೇಪ್‌ರೆಕಾರ್ಡರ್ ಕೆಟ್ಟಿದೆ ಅಂದುಕೊಂಡು ಪ್ಲಗ್ ಕಿತ್ತಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಕೆಡಿಸಿದವನು ನಮ್ಮ ಹಾಡುಗಾರ. ರೈಲ್ವೆಯವರ ಮಗ. ಊರು ಗದಗ ಅನ್ನುತ್ತಿದ್ದ, ಬೆಳೆದದ್ದೆಲ್ಲ ವಡೋದರಾದಲ್ಲೇ. ಅವನ ಕನ್ನಡದಲ್ಲಿ ಅರ್ಧಕ್ಕರ್ಧ ಹಿಂದಿ. ನಾನು ಧಾರವಾಡದವನು. ಇಡೀ ಕಾಲೇಜಿನಲ್ಲಿ ಕನ್ನಡದಲ್ಲಿ ಬಯ್ಯಲು ನನಗೆ ಸಿಕ್ಕವನು ಅವನೊಬ್ಬನೇ, ಆ ಅನುಕೂಲವನ್ನು ನಾನು ಸ್ವಲ್ಪವೂ ಪೋಲು ಮಾಡಲಿಲ್ಲ. ಒಂದು ಕಾಲೇಜು ಹಬ್ಬದಲ್ಲಿ ಮೆಲ್ಲನೆಯ ಹಾಡೊಂದಕ್ಕೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ರುಚಿ ಹತ್ತಿದ ಮೇಲೆ ಅವನ ಗಂಟಲು ಮೆತ್ತಗಾಯಿತು, ಬ್ಯಾಂಡೂ ಮೆತ್ತಗಾಯಿತು.

ಓದು ಮುಗಿದು ಅವನು ಅಹಮದಾಬಾದಿಗೆ ಹೋಗಿ ಸ್ಯಾಟಲೈಟ್ ಅನ್ನುವ ಬಡಾವಣೆಯಲ್ಲಿ ಬಾಡಿಗೆ ಫ್ಲ್ಯಾಟು ಹಿಡಿದ. ನಾನು ಸೂರತ್ತಿನ ಹಜೀರಾದಲ್ಲಿ ಕಾರ್ಖಾನೆ ಸೇರಿ ಕಂಪನಿ ಕಾಲೊನಿಯಲ್ಲಿ ಉಳಿದೆ. ಎರಡು ವರ್ಷ ಫೋನಿನಲ್ಲಿ ನಾನು ಅವನಿಗೆ ಹೇಳಿದ್ದು ಒಂದೇ ಮಾತು: ಬ್ಯಾಂಡನ್ನು ಕೊಂದವನು ನೀನು, ನಿನಗೆ ಮೆಟಲ್ ಜೀರ್ಣವಾಗುವುದಿಲ್ಲ. ಕೊನೆಗೆ ಅವನೇ ಸೋತ. "ಆಯ್ತು ಯಾರ್, ಹೊಸ ಆಲ್ಬಮ್ ಮಾಡೋಣ. ಫುಲ್ ಹೆವಿ. ನೀನು ಹೇಳಿದ ಹಾಗೇ," ಅಂದ. ನಾನು ಗೆದ್ದೆ ಅಂತ ಕಂಡಕಂಡವರಿಗೆಲ್ಲ ಡಂಗುರ ಸಾರಿದೆ. ಈಗ ನೋಡಿ ನನ್ನ ಕೈ ಅಂದೆ. ಇನ್ನು ಆ ಆಲ್ಬಮ್ಮಿನಲ್ಲಿ ನನ್ನ ಗಿಟಾರು ಸೋತರೆ ನಾನು ಯಾರಿಗೂ ಮುಖ ತೋರಿಸುವಂತಿರಲಿಲ್ಲ.

ನಿಜ ಏನೆಂದರೆ, ಹಜೀರಾದಲ್ಲಿ ನನ್ನ ಗಿಟಾರು ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಶಿಫ್ಟು ಮುಗಿಸಿ ಬಂದರೆ ಊಟ, ನಿದ್ದೆ. ಬೆರಳು ಬಿಗಿದುಕೊಂಡಿದ್ದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಸ್ಟುಡಿಯೋ ಇದ್ದದ್ದು ಅಹಮದಾಬಾದಿನ ನವರಂಗಪುರದಲ್ಲಿ. ಗರಬಾ ಕ್ಯಾಸೆಟ್ಟು ಮಾಡುವ ಜಾಗ, ಹಾಗಾಗಿ ನವರಾತ್ರಿ ಮುಗಿಯುವ ತನಕ ನಮಗೆ ಸಿಗಲಿಲ್ಲ. ನಾವು ಹೋದ ದಿನ ಮೂಲೆಯಲ್ಲಿ ಒಬ್ಬ ಸಣಕಲು ಮನುಷ್ಯ ಅಡಿಕೆ-ತಂಬಾಕಿನ ಮಾವಾ ಜಗಿಯುತ್ತ ಕೂತಿದ್ದ. ಗರಬಾ ಮೇಳದಲ್ಲಿ ಬೆಂಜೋ ಬಾರಿಸುವವನು. ಟೈಪ್‌ರೈಟರಿನಂಥ ಗುಂಡಿ ಒತ್ತಿ ತಂತಿ ಮೀಟುವ ವಾದ್ಯ ಅದು. ಹಾಡುಗಾರ ಮಾತ್ರ, ಹಾಳಾದವನು, ಚೆನ್ನಾಗಿಯೇ ಕಿರುಚಿದ. ಎರಡು ವರ್ಷ ಲಾಲಿ ಹಾಡಿದ ಗಂಟಲು ಅಂತ ಯಾರೂ ಹೇಳುವಂತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಮೂರನೇ ಹಾಡಿನ ನಡುವೆ ಗಿಟಾರು ಒಂದೇ ಉಸಿರಿನಲ್ಲಿ ಓಡಬೇಕಾದ ಕಡೆ ನನ್ನ ಉಂಗುರ ಬೆರಳು ಜಾರಿತು. ಮತ್ತೆ ಬಾರಿಸಿದೆ, ಅಲ್ಲೇ ಜಾರಿತು. ತಂತಿ ಸರಿಯಿಲ್ಲ ಅಂದೆ, ಹೆಡ್‌ಫೋನ್ ಸರಿಯಿಲ್ಲ ಅಂದೆ, ಎಸಿಯಿಂದ ಕೈ ಮರಗಟ್ಟಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹದಿನಾಲ್ಕನೇ ಸಲ ಜಾರಿದಾಗ ಬೆಂಜೋದವನು ಮೆಲ್ಲಗೆ, ಮಣಿಕಟ್ಟು ಸಡಿಲ ಬಿಡಿ ಭಾಯ್, ಒತ್ತಬೇಡಿ ಅಂತ ಹಿಂದಿಯಲ್ಲಿ ಹೇಳಿದ. ನನ್ನ ಮೈಯೆಲ್ಲ ಉರಿದುಹೋಯಿತು.

"ಈ ಡಾಂಡಿಯಾದವನ್ನ ಹೊರಗ ಕಳಸಲೇ, ಇಲ್ಲಂದ್ರ ನಾ ಹೊಕ್ಕೇನಿ," ಅಂತ ಹಾಡುಗಾರನಿಗೆ ಕೂಗಿದೆ. ಬೆಂಜೋದವನಿಗೆ ಕನ್ನಡ ಬಾರದು, ಆದರೆ ನನ್ನ ಮುಖ ಓದಲು ಬಂತು. ಎದ್ದು ಹೋದ. ಇನ್ನೆರಡು ಸಲ ಬಾರಿಸಿದ ಮೇಲೆ ಸ್ಟುಡಿಯೋದವನು "ಚಾಲ್ಸೆ" ಅಂದ. ನಡೆಯುತ್ತೆ ಬಿಡಿ ಅಂತ ಅರ್ಥ. ಮರುದಿನ ಬೆಳಗಿನ ಶಿಫ್ಟಿತ್ತು, ಸಿಕ್ಕ ರೈಲು ಹತ್ತಿ ಸೂರತ್ತಿಗೆ ಬಂದೆ.

ತಿಂಗಳ ಮೇಲೆ ಕೊರಿಯರಿನಲ್ಲಿ ಸಿ.ಡಿ.ಯ ಮೊದಲ ಪ್ರತಿ ಬಂತು. ಕವರಿನ ಮೇಲೆ ಗಿಟಾರಿನ ಎದುರು ನನ್ನ ಹೆಸರು. ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೇಳಿದೆ. ಮೂರನೇ ಹಾಡು ಬಂದಾಗ ಹಲ್ಲು ಕಚ್ಚಿ, ಬೆರಳು ಜಾರುವ ಜಾಗಕ್ಕೆ ಕಾದೆ. ಜಾರಲಿಲ್ಲ. ರಾಗಿ ಬೀಸಿದ ಹಾಗೆ ಒಂದೇ ಸಮ, ಒಂದೇ ಬಿರುಸು. ಕಂಪ್ಯೂಟರಿನಲ್ಲಿ ತಿದ್ದಿರಬೇಕು ಅಂದುಕೊಂಡೆ. ಮತ್ತೆರಡು ಸಲ ಕೇಳಿದೆ. ನಾನು ತಂತಿಯನ್ನು ಒತ್ತಿ ಹೊಡೆಯುತ್ತೇನೆ. ಈ ಕೈ ಸಡಿಲವಾಗಿತ್ತು, ಒಂಬತ್ತು ರಾತ್ರಿ ನಿಲ್ಲದೆ ಗರಬಾ ಬಾರಿಸಿದರೂ ದಣಿಯದ ಕೈ. ನಾವು ಮಾಡಿದ್ದರಲ್ಲೆಲ್ಲ ಅತಿ ಹೆವಿಯಾದದ್ದು ಅದೇ, ಅದರಲ್ಲಿ ನಾನಿರಲಿಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆ ಕೋಪವಾಗಲು ಚಪ್ಪಲಿ ಮೆಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ, ಸೀದಾ ಎಸ್‌ಟಿಡಿ ಬೂತಿಗೆ ಹೋದೆ.

"ಮೂರನೇ ಹಾಡು ಯಾರು ಬಾರಿಸ್ಯಾರಲೇ?"

"ನೀನೇ ಯಾರ್."

"ಸುಳ್ಳ ಹೇಳಬ್ಯಾಡ."

ಅವನು ಒಪ್ಪಿಕೊಂಡ. "ನೀನು ಹೋದ ಮೇಲೆ ಬೆಂಜೋವಾಲಾನ್ನ ಕರೆದೆ. ಗಿಟಾರೂ ಬರ್ತದೆ ಅವನಿಗೆ. ಎರಡು ಸಲ ಕೇಳಿದ, ಮೂರನೇ ಸಲ ಬಾರಿಸಿದ, ಬಸ್. ಹೆಸರು ಹಾಕ್ತೀರಾ, ಛೋಟಾ ಸಾ ಆದ್ರೂ ಸಾಕು ಅಂತ ಕೇಳಿದ. ನಾನು ಇಲ್ಲ ಅಂದೆ. ನಿನಗೆ ಬುರಾ ಆಗ್ತದೆ ಅಂತ."

ಬಾಯಿಗೆ ಬಂದಂತೆ ಬೈದೆ. ದ್ರೋಹಿ ಅಂದೆ, ಬೆನ್ನಿಗೆ ಚೂರಿ ಹಾಕಿದೆ ಅಂದೆ, ನಿನ್ನ ದಯೆ ನಿನ್ನ ಹತ್ತಿರವೇ ಇಟ್ಟುಕೋ ಅಂದೆ. ಬೂತಿನವನು ಬಾಗಿಲು ತೆರೆದು ನೋಡಿದ. ಹಾಡುಗಾರ ನಡುನಡುವೆ ಒಂದೇ ಪ್ರಶ್ನೆ ಕೇಳಿದ: "ಬಾಕಿ ಕವರ್ ನಾಳೆ ಪ್ರಿಂಟಿಗೆ ಹೋಗ್ತದೆ. ಹೆಸರು ಬದಲಿ ಮಾಡ್ಲಾ? ನೀನು ಹೇಳು." ಮೂರು ಸಲ ಕೇಳಿದ. ನಾನು ಅದೊಂದಕ್ಕೆ ಮಾತ್ರ ಉತ್ತರ ಕೊಡದೆ ಫೋನು ಕುಕ್ಕಿದೆ.

ಬಾಕಿ ಕವರುಗಳೂ ನನ್ನ ಹೆಸರಿನಲ್ಲೇ ಅಚ್ಚಾಗಿ ಬಂದವು.