ಗುಂಡಿಗೆ ಸುರಿಯುವ ಕೊಡ ನೀರು

ನಮ್ಮ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಬಳಿ ಒಂದು ನೆಗ್ಗಿದ ಹಿತ್ತಾಳೆ ಕೊಡವಿದೆ. ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಾನು ಅದನ್ನು ತುಂಬಿಕೊಂಡು ಕೆಳಗಿಳಿದು, ಮೂಲೆಯ ಗುಂಡಿಗೆ ಸುರಿದು ಬರುವುದನ್ನು ಮೊಮ್ಮಕ್ಕಳಾದ ನೀವು ಹುಟ್ಟಿದಾಗಿನಿಂದ ನೋಡಿದ್ದೀರಿ. ಚಿಕ್ಕವರಿದ್ದಾಗ "ಅಜ್ಜಿ ಪಂಪಿಗೆ ಅಭಿಷೇಕ ಮಾಡ್ತಾಳ" ಎಂದು ನಗುತ್ತಿದ್ದಿರಿ. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿ ತೆರೆದು ಗೊತ್ತಿಲ್ಲದವಳು ನಾನು. ಮೊನ್ನೆ ಬಳಗದ ಮದುವೆಗೆ ಹೋಗಿ ಬಂದ ಶಾಂಭವಿ ನನ್ನ ಪಕ್ಕದಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಒಂದು ಮಾತು ಕೇಳಿದಳು.

"ಅಜ್ಜಿ, ಅಜ್ಜ ನೀರಾಗ ಬಿದ್ದಾಗ ನೀ ಹತ್ರ ಹೋಗ್ಲಿಲ್ಲಂತ, ಖರೇನ?"

ಅದಕ್ಕೆ ಉತ್ತರ ಇದು. ಹಳ್ಳಿಯ ಸಾಲೆಯಲ್ಲಿ ಕಲಿತ ಅಕ್ಷರ ಇಂಥ ಹೊತ್ತಿಗಾದರೂ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ನನ್ನ ತವರಿನಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಹಗೇವೆಂದರೆ ಅಂಗಳದಲ್ಲಿ ಆಳಕ್ಕೆ ತೋಡಿದ ಕಣಜ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕತ್ತಲು. ಅದನ್ನು ತೆರೆದ ದಿನ ಯಾರೂ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಡುತ್ತಿದ್ದರು. ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಒಂದು ವರ್ಷ ನೆರೆಮನೆಯ ಅಣ್ಣ ಕಾಯದೆ ಇಳಿದು ಅಲ್ಲೇ ಕುಸಿದ. ಅವನನ್ನು ಎತ್ತಲು ತಮ್ಮ ಧುಮುಕಿದ. ಇಬ್ಬರನ್ನೂ ಕೊಕ್ಕೆ ಹಾಕಿ ಮೇಲೆಳೆದರು. ಆ ದಿನ ನನ್ನ ಅಪ್ಪ ಆಡಿದ ಮಾತು ಇನ್ನೂ ಕಿವಿಯಲ್ಲಿದೆ: "ಮೊದಲ್ನೇದವ ತಿಳೀದ ಸತ್ತ. ಎರಡ್ನೇದವ ಮಾಯಾದಿಂದ ಸತ್ತ."

ಮಕ್ಕಳೇ, ಈ ಮಾಯೆ, ಈ ಪ್ರೀತಿ ಬಹಳ ಅವಸರದ್ದು. ಬಿದ್ದವನನ್ನು ಕಂಡ ಕಾಲು ಬುದ್ಧಿಯನ್ನು ಕೇಳುವುದಿಲ್ಲ.

ನಿಮ್ಮ ಅಜ್ಜ ಕಾಳಿನ ವ್ಯಾಪಾರಿ. ಹುಬ್ಬಳ್ಳಿ ಮಗ್ಗುಲಿನ ಉಣಕಲ್ಲಿನಲ್ಲಿ ಮನೆ ಕಟ್ಟುವಾಗ ಕಡಲೆ ಚೀಲ ಇಡಲು ನೆಲಮಾಳಿಗೆ ತೋಡಿಸಿದರು. ಕೆರೆ ಹತ್ತಿರವಿದೆ, ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಡವೆಂದು ಹಿರಿಯರು ಹೇಳಿದ್ದರು. ಮೊದಲ ಮಳೆಗಾಲದಲ್ಲಿಯೇ ಗೋಡೆ ಬೆವರಿತು, ಎರಡನೆಯದರಲ್ಲಿ ನೆಲದಿಂದ ನೀರೆದ್ದಿತು. ಮೂಲೆಯಲ್ಲಿ ಗುಂಡಿ ತೋಡಿ ಪಂಪು ಇಳಿಸಿದರು. ನೀರೇರಿದಾಗ ತೇಲುವ ಚೆಂಡು ಅದನ್ನು ಚಾಲೂ ಮಾಡುತ್ತಿತ್ತು. ಬಿಸಿಲುಗಾಲವೆಲ್ಲ ಅದರ ನೆನಪೇ ನಮಗಿರಲಿಲ್ಲ. ಕತ್ತಲಲ್ಲಿ ಕುಳಿತು ನಮ್ಮನ್ನು ಕಾಯುವುದನ್ನು ನಾವು ಯಾರು ತಾನೆ ನೆನೆಯುತ್ತೇವೆ?

ಅಜ್ಜ ಬಿದ್ದ ಆ ವರ್ಷ ಒಂದು ಮಧ್ಯಾಹ್ನ ದೊಡ್ಡ ಮಳೆ ಹಿಡಿಯಿತು. ಪಂಪು ಏಳಲಿಲ್ಲ. ಗೋಣಿಚೀಲದ ಎಳೆಗಳು ಚೆಂಡಿಗೆ ಸುತ್ತಿಕೊಂಡಿದ್ದವೆಂದು, ಇಲಿ ಅದರ ವಾಯರನ್ನು ಕಡಿದು ನೀರಿಗೆ ಕರೆಂಟು ಇಳಿದಿತ್ತೆಂದು ಆಮೇಲೆ ತಿಳಿಯಿತು. ಅಜ್ಜ ಕೋಲು ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ತಡೀರಿ, ಮೇನ್ ಆರಸ್ತೇನಿ" ಎಂದೆ.

"ಆರಿಸಿದ್ರ ಪಂಪ್ ಹೆಂಗ ನಡೀತೈತಿ? ಚೆಂಡು ಸಿಕ್ಕಿರ್ಬೇಕು, ಬಿಡಿಸಿ ಬರ್ತೇನಿ, ಕಡ್ಲಿ ತೊಯ್ಯಾಕತ್ತಾವು" ಎಂದರು.

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ತೋಚಲಿಲ್ಲ. ಅವರು ಇನ್ನೆರಡು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟದ್ದೇ ನೀರು ಸದ್ದು ಮಾಡಿತು, ಕೋಲು ತೇಲಿತು. ಹೈಸ್ಕೂಲಿನಲ್ಲಿದ್ದ ನಿಮ್ಮ ಅಪ್ಪ "ಅಪ್ಪಾ" ಎಂದು ಓಡಿಬಂದ. ನಾನು ಅವನ ಅಂಗಿಯನ್ನು ಹಿಡಿದೆಳೆದು, ಗಂಡನಿಗೆ ಬೆನ್ನು ಮಾಡಿ, ಪಡಸಾಲೆಯ ಮೇನ್ ಸ್ವಿಚ್ಚಿನ ಕಡೆಗೆ ನಡೆದೆ. ಆ ಕೆಲವು ಹೆಜ್ಜೆಗಳನ್ನು ನಾನು ಇಂದಿಗೂ ನಡೆಯುತ್ತಿದ್ದೇನೆ. ಸ್ವಿಚ್ಚು ಆರಿಸಿದ ಮೇಲೆಯೇ ನೀರಿಗಿಳಿದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಸತ್ತೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮಣ್ಣಿಗೆ ಬಂದವರಲ್ಲಿ ಒಬ್ಬಾಕೆ ನನಗೆ ಕೇಳುವಂತೆಯೇ ಹೇಳಿದಳು: "ಗಂಡ ಬಿದ್ದಾನ, ಈಕಿ ಸ್ವಿಚ್ ಒತ್ತಾಕ ಹ್ವಾದ್ಲು." ಅದೇ ಮಾತು ಇಷ್ಟು ವರ್ಷ ಮದುವೆ, ನಾಮಕರಣ, ಸೀಮಂತಗಳಲ್ಲಿ ತಿರುಗಾಡಿ, ಈಗ ಶಾಂಭವಿಯ ಕಿವಿಗೆ ಬಂದಿದೆ. ಹೌದು ಮಗಳೇ, ಮೊದಲು ನಾನು ಹತ್ತಿರ ಹೋಗಲಿಲ್ಲ. ಹೋಗಿದ್ದರೆ ನಾನು ಎರಡನೆಯವಳು, ನಿನ್ನ ಅಪ್ಪ ಮೂರನೆಯವ.

ಹೊಸ ಪಂಪು ತರಲು ಹುಬ್ಬಳ್ಳಿಯ ಪೇಟೆಗೆ ನಾನೇ ಹೋದೆ. ಅಂಗಡಿಯವನು ಎಷ್ಟು ಎಚ್‌ಪಿ ಎಂದು ಕೇಳಿದ. "ಅದು ಇರ್ಲಿ ತಮ್ಮಾ, ಇದರ ಚೆಂಡು ಎಲ್ಲಿ ಸಿಗಬೀಳ್ತೈತಿ ತೋರ್ಸು" ಎಂದೆ. "ಅಕ್ಕಾರ, ಮಂದಿ ಪಂಪ್ ಹೆಂಗ ನಡೀತೈತಿ ಕೇಳ್ತಾರ, ನೀವು ಹೆಂಗ ನಿಲ್ತೈತಿ ಕೇಳ್ತೀರಲ್ರಿ" ಎಂದು ಅವನು ನಕ್ಕ. ಜೋತಾಡುವ ಚೆಂಡು ಬಿಟ್ಟು ಸರಳಿನ ಮೇಲೆ ನೇರ ಏರಿಳಿಯುವುದನ್ನು ಆರಿಸಿದೆ. ಪಂಪು ಪ್ಲಾಸ್ಟಿಕ್ಕಿನದು ಬಿಟ್ಟು ಬೀಡುಕಬ್ಬಿಣದ್ದು. ಎತ್ತಿದ ನೀರು ಮತ್ತೆ ಗುಂಡಿಗೆ ಇಳಿಯದಂತೆ ಪೈಪಿಗೊಂದು ವಾಲ್ವು, ಮಳೆಯೊಂದಿಗೆ ಕರೆಂಟು ಹೋಗುವ ನಮ್ಮ ಊರಿಗೆಂದು ಬ್ಯಾಟರಿ, ಎಲ್ಲಕ್ಕಿಂತ ಮೊದಲು ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ ಡಬ್ಬಿ. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಮೇನ್ ಆರಿಸಿ, ಗುಂಡಿಯ ಕೆಸರು ತೆಗೆಸಿ, ಪಂಪಿನ ಬಾಯಿಯ ಜಾಳಿಗೆ ತೊಳೆದು, ವಾಯರನ್ನು ಉದ್ದಕ್ಕೂ ನೋಡಿಸುತ್ತೇನೆ. ಸುಮ್ಮನೆ ಕುಳಿತ ಯಂತ್ರ ಕರೆದಾಗ ಏಳುತ್ತದೆಂದು ನಂಬಬಾರದು. ಆಗಾಗ ಕರೆದು ನೋಡಬೇಕು. ಸೋಮವಾರದ ಆ ಕೊಡ ನೀರು ನಾನು ಅದನ್ನು ಕರೆಯುವ ಬಗೆ. ಕೆಳಗಿನ ನೆಲ ಒಣಗಿದ್ದರೆ ಮಾತ್ರ ಆ ಕೊಡ ಇಳಿಯಬೇಕು. ಹಸಿಯಾಗಿದ್ದರೆ ಮೇನ್ ಆರಿಸಿ, ಮೇಲೆಯೇ ನಿಂತು, ತಿಳಿದವರನ್ನು ಕರೆಯಿರಿ. ಕಾಳು ತೊಯ್ದರೆ ತೊಯ್ಯಲಿ.

ಈ ಸೋಮವಾರ ನನ್ನ ಮೊಣಕಾಲು ಮಾತು ಕೇಳಲಿಲ್ಲ. ಅಲ್ಲಿಯವರೆಗೆ ಬರೆದದ್ದನ್ನು ಓದಿದ ಶಾಂಭವಿ ತಾನೇ ಕೊಡ ತುಂಬಿಕೊಂಡಳು. ಮೇಲಿನ ಮೆಟ್ಟಿಲ ಮೇಲೆ ನಿಂತು ದೀಪ ಹಚ್ಚಿ, ಕೆಳಗಿನ ನೆಲವನ್ನು ಬಹಳ ಹೊತ್ತು ನೋಡಿ, ಆಮೇಲೆ ಇಳಿದಳು. ನೀರು ಸುರಿದ ಸದ್ದು ಬಂತು. ಪಂಪು ಕೆಮ್ಮಿ ಎದ್ದಿತು, ಗುಂಡಿ ಬರಿದಾಗುವವರೆಗೆ ಗುರುಗುಟ್ಟಿತು.

"ನಿಂತೈತಿ ನೋಡಜ್ಜಿ" ಎಂದಳು ಕೆಳಗಿನಿಂದ.

"ಮ್ಯಾಲೆ ಬಾ" ಎಂದೆ. ಅವಳು ಖಾಲಿ ಕೊಡ ಹಿಡಿದು ಮೆಟ್ಟಿಲೇರಿ ಪಡಸಾಲೆಗೆ ಬಂದು ನನ್ನನ್ನೇ ನೋಡುತ್ತ ನಿಂತಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅಷ್ಟು ಹೊತ್ತೂ ನನ್ನ ಕೈ ಮೇನ್ ಸ್ವಿಚ್ಚಿನ ಮೇಲೆಯೇ ಇತ್ತು. ಶಾಂಭವಿ ಕೊಡವನ್ನು ಕೆಳಗಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.