ಬ್ರೇಕ್ ಮೇಷ್ಟ್ರ ಎರಡು ಸೀಟಿನ ಕಾರು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ನಮ್ಮ ಮೇಷ್ಟ್ರ ಕಾಲು ಸದಾ ಅದರ ಮೇಲೆಯೇ. ಬೆಕ್ಕು ರಸ್ತೆಗೆ ಇಳಿಯುವುದಿರಲಿ, ಇಳಿಯೋಣವೇ ಎಂದು ಅದು ಯೋಚಿಸುವಾಗಲೇ ಇವರು ಬ್ರೇಕ್ ಒತ್ತಿರುತ್ತಾರೆ ಎಂದು ಕಲಿಯುವವರು ನಗುತ್ತಿದ್ದರು. ಹೀಗೆ ಅವರು ಬ್ರೇಕ್ ಮೇಷ್ಟ್ರಾದರು. ನಾನೂ ಅವರ ಕೈಯಲ್ಲಿ ಪಳಗಿದವನೇ. ನಾಲ್ಕನೇ ಗೇರಿಗೆ ಹಾಕಲು ಅಪ್ಪಣೆ ಸಿಗುವಷ್ಟರಲ್ಲಿ ನನ್ನ ತರಬೇತಿಯೇ ಮುಗಿದಿತ್ತು.

ಇಂಥವರ ಮನೆಯ ಶೆಡ್ಡಿನಲ್ಲಿ ಒಂದು ಸ್ಪೋರ್ಟ್ಸ್ ಕಾರಿದೆ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಕಡುಗೆಂಪು ಬಣ್ಣ, ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಮೇಲ್ಛಾವಣಿ. ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಅದನ್ನು ಕೊಂಡಾಗ ಯಾರಿಗೂ ಅದು ಬೇಡವಾಗಿತ್ತು. ಪೆಟ್ರೋಲ್ ಕುಡಿಯುತ್ತದೆ, ಸಾಮಾನು ಹಿಡಿಸುವುದಿಲ್ಲ, ಮಕ್ಕಳಾದರೆ ಎಲ್ಲಿ ಕೂರಿಸುತ್ತೀರಿ ಎಂದು ಎಲ್ಲರೂ ಕೇಳಿದವರೇ. ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವರ ಹೆಂಡತಿ ಮಾತ್ರ ಅದರಲ್ಲಿ ಕುಳಿತು, "ಕೂತ್ಕೊಳ್ಳೋದು ಸುಲಭ ರೀ, ಏಳೋಕೆ ಇನ್ನೊಬ್ಬರು ಬೇಕು" ಎಂದು ನಕ್ಕಿದ್ದರು. ಕಂಪನಿ ಆ ಮಾದರಿಯನ್ನು ನಿಲ್ಲಿಸಿ ಬಹಳ ವರ್ಷಗಳಾದ ಮೇಲೆ ಕಾಲ ತಿರುಗಿತು. ಅಂಥ ಕಾರುಗಳನ್ನು ಹುಡುಕಿಕೊಂಡು ಸಂಗ್ರಹಿಸುವವರು ಹುಟ್ಟಿಕೊಂಡರು.

ಇದನ್ನು ಮೇಷ್ಟ್ರಿಗೆ ಮೊದಲು ತಿಳಿಸಿದವನು ಅವರ ಗೆಳೆಯ. ಊರೆಲ್ಲ ಅವನನ್ನು ಸ್ಪಾನರ್ ಎಂದೇ ಕರೆಯುತ್ತಿತ್ತು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಮೇಷ್ಟ್ರ ಬೀದಿಯ ತುದಿಯಲ್ಲೇ ಸ್ಪಾನರನ ಗ್ಯಾರೇಜು. ಕೆಂಪು ಕಾರಿನ ಬಾನೆಟ್ಟನ್ನು ಅವನಲ್ಲದೆ ಬೇರೆ ಯಾರೂ ತೆರೆದವರಿಲ್ಲ.

"ಲೋ, ಇಂಥ ಕಾರಿಗೆ ಬೆಲೆ ಬರೋದು ಎರಡೇ ಮಾತಿನ ಮೇಲೆ" ಎಂದು ಸ್ಪಾನರ್ ಹೇಳುತ್ತಿದ್ದ. "ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರ್ಬೇಕು. ಮೀಟರು ಜಾಸ್ತಿ ತಿರುಗಿರಬಾರ್ದು. ಒಂದು ತಿರುಪು ಬದಲಾದ್ರೂ ಕೇಳ್ತಾರೆ."

ಸಾಯುವ ತನಕ ಮಾರುವುದಿಲ್ಲ ಎನ್ನುತ್ತಿದ್ದರೂ ಮೇಷ್ಟ್ರಿಗೆ ಅದು ವೇದವಾಕ್ಯವಾಯಿತು. ಅಗಲದ ಚಕ್ರ ಹಾಕಿಸಿ ಎಂದವರಿಗೆ ಬೇಡವೆಂದರು. ಹಾಡು ಕೇಳುವ ಸೆಟ್ಟೂ ಬೇಡ, ಗುಡುಗುವ ಸೈಲೆನ್ಸರೂ ಬೇಡ. ಕಿಟಕಿ ಇಳಿಸುವ ಹಿಡಿ ಮುರಿದಾಗ ಅದೇ ಕಂಪನಿಯ ಹಳೆಯ ಹಿಡಿ ಸಿಗುವ ತನಕ ಕಿಟಕಿ ಮುಚ್ಚಿಕೊಂಡೇ ಬೇಸಿಗೆ ಕಳೆದರು. ಭಾನುವಾರ ಬೆಳಗ್ಗೆ ಕಾರನ್ನು ಹೊರತೆಗೆದು ನೀರಿನ ಟ್ಯಾಂಕಿನ ತನಕ ಹೋಗಿ ಬಂದರೆ ಮುಗಿಯಿತು, ಮತ್ತೆ ಹೊದಿಕೆ.

ಹೆಂಡತಿಗೆ ಒಂದು ಆಸೆಯಿತ್ತು. ಛಾವಣಿ ಸರಿಸಿ, ಕಡಲಿನ ಪಕ್ಕದ ರಸ್ತೆಯಲ್ಲಿ ಇಬ್ಬರೇ ಹೋಗಬೇಕು. ಪ್ರತಿ ರಜೆಯಲ್ಲೂ ಕೇಳುತ್ತಿದ್ದರು. ಮೇಷ್ಟ್ರು ಸ್ಪಾನರನನ್ನು ಕೇಳುತ್ತಿದ್ದರು. ಅಷ್ಟು ದೂರ ಯಾಕೋ, ಸುಮ್ನೆ ಕಿಲೋಮೀಟರ್ ಏರ್ಸ್ಕೊಳ್ತೀಯ ಎನ್ನುತ್ತಿದ್ದ ಅವನು. ಗಂಡ ಹೆಂಡತಿ ಬಸ್ಸು ಹತ್ತುತ್ತಿದ್ದರು. "ನಮ್ಮನೇಲೂ ಒಂದು ಕಾರಿದೆ. ಹೊರಗೆ ತೆಗೆದ್ರೆ ಅದಕ್ಕೆ ನೆಗಡಿ ಆಗುತ್ತಂತೆ" ಎಂದು ಆಕೆ ಅಂಗಡಿಗೆ ಬಂದವರಿಗೆ ಹೇಳುವುದಿತ್ತು. ನಗುತ್ತಲೇ ಹೇಳುತ್ತಿದ್ದರು.

ಒಮ್ಮೆ ಮೇಷ್ಟ್ರಿಗೆ ಹರ್ನಿಯಾ ಆಪರೇಷನ್ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಕಾರಿನ ಹತ್ತಿರವೂ ಸುಳಿಯಬಾರದು. ಆಸ್ಪತ್ರೆಗೆ ನೋಡಲು ಬಂದ ಸ್ಪಾನರ್ ಮಂಚದ ತುದಿಯಲ್ಲಿ ಕುಳಿತು, "ನೀನು ಮಲಗಿರೋ ಹೊತ್ತಲ್ಲಿ ಎಂಜಿನ್ ಬಿಚ್ಚಿ ಒಂದ್ಸಲ ಪೂರ್ತಿ ನೋಡಿಬಿಡ್ತೀನಿ. ಕೀ ಕೊಡು" ಎಂದ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ನನಗೆ ಅಣ್ಣ ತಮ್ಮ ಇಲ್ಲ ಅಂತ ಯಾರು ಹೇಳಿದ್ದು ಎಂದು ಹೆಂಡತಿಯ ಕಡೆ ತಿರುಗಿ ಕೀ ಕೊಡಿಸಿದರು.

ಗುಣವಾಗಿ ಬಂದು ಕೀ ತಿರುಗಿಸಿದರೆ ಕಾರು ಥಟ್ಟನೆ ಎದ್ದಿತು. ಮೊದಲು ಬೆಳಗಿನ ಚಳಿಗೆ ಕೆಮ್ಮುತ್ತಿದ್ದದ್ದು ಈಗ ಬೆಣ್ಣೆಯ ಹಾಗೆ. ಆದರೂ ಮೇಷ್ಟ್ರು ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಸದ್ದು ಬೇರೆ ಥರ ಇದೆಯಲ್ಲೋ."

"ಶುದ್ಧ ಮಾಡಿದ ಮೇಲೆ ಬೇರೆ ಥರಾನೇ ಇರುತ್ತೆ."

"ಅದಲ್ಲ. ಕೆಳಗಿನ ದನಿ ಹೋಗಿದೆ. ನನ್ನ ಕಾರು ಅನ್ನಿಸ್ತಾನೇ ಇಲ್ಲ."

ಸ್ಪಾನರ್ ಅವರ ಭುಜ ತಟ್ಟಿ ನಕ್ಕ. "ಎಂಜಿನ್ ರಿಪೇರಿ ಆಯ್ತು. ಇನ್ನು ನಿನ್ನ ಕಿವಿ ರಿಪೇರಿ ಆಗ್ಬೇಕು. ವಯಸ್ಸಾಯ್ತು ಮಾರಾಯ."

ಮೇಷ್ಟ್ರು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಕಿವಿಯ ಡಾಕ್ಟರ ಬಳಿ ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಈ ವಯಸ್ಸಿಗೆ ಇಷ್ಟು ಚೆನ್ನಾಗಿರುವ ಕಿವಿ ಅಪರೂಪ ಎಂದು ಡಾಕ್ಟರು ಹೇಳಿದರೂ ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಡಾಕ್ಟರಿಗೆ ಎಂಜಿನ್ನಿನ ಸದ್ದು ಏನು ಗೊತ್ತು, ಸ್ಪಾನರನಿಗೆ ಗೊತ್ತು. ಕ್ಲಚ್ಚಿನ ಸಣ್ಣ ನರಳಾಟವನ್ನೂ ಹಿಡಿಯುತ್ತಿದ್ದವರು ಅಲ್ಲಿಂದ ಮುಂದೆ ಪಕ್ಕದಲ್ಲಿದ್ದ ಶಿಷ್ಯರನ್ನು, "ನಿಮಗೇನಾದ್ರೂ ಕೇಳಿಸ್ತಾ?" ಎಂದು ಕೇಳತೊಡಗಿದರು. ನನ್ನನ್ನೂ ಹಾಗೆ ಕೇಳಿದ್ದಾರೆ. ಹೌದೆನ್ನಬೇಕೋ ಇಲ್ಲವೆನ್ನಬೇಕೋ ನನಗೆ ತಿಳಿದಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ಕಡಲ ರಸ್ತೆಯ ಮಾತು ಬಂದಾಗಲೆಲ್ಲ ಸ್ಪಾನರ್ ಅದೇ ಬುದ್ಧಿ ಹೇಳುತ್ತಿದ್ದ, ಮೇಷ್ಟ್ರು ಅದೇ ಬಸ್ಸು ಹತ್ತುತ್ತಿದ್ದರು. ಕೊನೆಗೆ ಮೇಷ್ಟ್ರಿಗೆ ಮಂಡಿ ನೋವು ಶುರುವಾಗಿ, ಅಷ್ಟು ತಗ್ಗಿನ ಸೀಟಿಗೆ ಇಳಿದು ಏಳುವುದೇ ಕಷ್ಟವಾಯಿತು. ಹೆಂಡತಿ ಕೈ ಹಿಡಿದು ಎಳೆದು ಎಬ್ಬಿಸಬೇಕಾಗಿ ಬಂದ ದಿನ, ಮಾರಿಬಿಡೋಣ ಎಂದು ಇಬ್ಬರೂ ತೀರ್ಮಾನಿಸಿದರು. ಆಗ ಸ್ಪಾನರ್ ಮಗಳ ಮನೆಗೆಂದು ಪರ ಊರಿಗೆ ಹೋಗಿದ್ದ. ಬಂದ ಮೇಲೆ ಹೇಳಿ ಖುಷಿಪಡಿಸಿದರಾಯಿತು ಎಂದುಕೊಂಡು ಮೇಷ್ಟ್ರು ಹಳೆಯ ಕಾರುಗಳಿಗೆ ಬೆಲೆ ಕಟ್ಟುವವರನ್ನು ಮನೆಗೆ ಕರೆಸಿದರು.

ಬಂದವಳು ಒಬ್ಬ ಹೆಂಗಸು. ಬಣ್ಣ, ಬಾಗಿಲಿನ ಅಂಚು, ಪೆಡಲಿನ ರಬ್ಬರು ಎಲ್ಲವನ್ನೂ ನೋಡಿ ತಲೆದೂಗಿದಳು. ಮೀಟರು ನೋಡಿ, "ಇಷ್ಟೇನಾ ಓಡಿರೋದು? ಇಂಥದ್ದು ಸಿಗೋದೇ ಇಲ್ಲ ಸರ್" ಎಂದಳು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಕಂಡೆಯಾ ಎನ್ನುವ ಹಾಗೆ. ಆಮೇಲೆ ಆಕೆ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿ ಅಚ್ಚೊತ್ತಿದ ನಂಬರಿನ ಮೇಲೆ ಬೆಳಕು ಬಿಟ್ಟಳು. ಬೆರಳಿನಿಂದ ಸವರಿದಳು. ಮತ್ತೆ ಸವರಿದಳು.

"ಈ ಎಂಜಿನ್ ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸೇ ಇಲ್ಲ. ಹುಟ್ಟಿದಾಗಿನದು."

"ಇಲ್ಲ ಸರ್. ಹಳೇ ಅಂಕಿ ಉಜ್ಜಿ ಹಾಕಿ ಅದರ ಮೇಲೆ ನಿಮ್ಮ ಕಾರಿನ ನಂಬರ್ ಹೊಡೆದಿದ್ದಾರೆ. ಇಲ್ಲಿ ಮುಟ್ಟಿ ನೋಡಿ, ತಗ್ಗಾಗಿದೆ. ಅಂಕಿಗಳ ಆಕಾರಾನೂ ಫ್ಯಾಕ್ಟರಿದಲ್ಲ."

ಮೇಷ್ಟ್ರು ಮುಟ್ಟಿ ನೋಡಿದರು. ಬೆರಳು ತಗ್ಗಿಗೆ ಇಳಿಯಿತು.

ಆಕೆ ದನಿ ತಗ್ಗಿಸಿ ಹೇಳಿದಳು. "ಎಂಜಿನ್ ಬೇರೆ ಅಂದ್ರೆ ಬೆಲೆ ಅರ್ಧಕ್ಕಿಂತ ಕೆಳಗೆ ಹೋಗುತ್ತೆ. ಬರೀ ಬದಲಾಯಿಸಿದ್ದಾದ್ರೆ ಇದ್ದದ್ದು ಇದ್ದ ಹಾಗೆ ಹೇಳಿ ಮಾರಬಹುದಿತ್ತು. ಅಂಕಿ ತಿದ್ದಿದ್ದಾರೆ ನೋಡಿ, ಇನ್ನು ಉಳಿದಿದ್ದನ್ನೂ ಯಾರೂ ನಂಬಲ್ಲ. ಮೀಟರನ್ನೂ ಹಿಂದಕ್ಕೆ ತಿರುಗಿಸಿದ್ದಾರೆ ಅಂತಾರೆ."

ಮೇಷ್ಟ್ರು ಅಲ್ಲೇ ಶೆಡ್ಡಿನ ಕಟ್ಟೆಯ ಮೇಲೆ ಕುಳಿತರು. ಒಂದೊಂದು ಕಿಲೋಮೀಟರನ್ನೂ ಉಸಿರು ಬಿಗಿಹಿಡಿದು ಉಳಿಸಿದ್ದರು. ಈಗ ಅದೂ ಸುಳ್ಳಾಗಿತ್ತು.

ಸ್ಪಾನರ್ ಊರಿಂದ ಬಂದ ದಿನವೇ ಅವರು ಗ್ಯಾರೇಜಿಗೆ ಹೋದರು. ಅವನು ಸೋಪಿನ ಪುಡಿ ಹಾಕಿ ಕೈ ತೊಳೆಯುತ್ತಿದ್ದ.

"ಎಂಜಿನ್ ಎಲ್ಲಿ?"

"ಯಾವ ಎಂಜಿನ್?"

"ನನ್ನದು."

ಸ್ಪಾನರ್ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿಕೊಂಡ. ಆಮೇಲೆ, "ಯಾರು ಹೇಳಿದ್ದು?" ಎಂದ.

ಆ ಗಳಿಗೆಯ ತನಕ ತಮ್ಮಲ್ಲಿ ಒಂದು ಎಳೆ ಆಸೆ ಇತ್ತು ಎಂದು ಮೇಷ್ಟ್ರು ಆಮೇಲೆ ನನ್ನಲ್ಲಿ ಹೇಳಿದರು. ತಪ್ಪಿಲ್ಲದವನು ಏನಾಯ್ತೋ ಎಂದು ಕೇಳುತ್ತಿದ್ದ. ಇವನು ಯಾರು ಹೇಳಿದ್ದು ಎಂದ.

"ಕೂತ್ಕೋ, ಹೇಳ್ತೀನಿ."

"ನಿಂತೇ ಕೇಳ್ತೀನಿ."

"ಒಬ್ಬನ ಹತ್ರ ನಿನ್ನಂಥದ್ದೇ ಕಾರಿತ್ತು. ಎಂಜಿನ್ ಒಡೆದುಹೋಗಿತ್ತು. ಕಮ್ಮಿ ಓಡಿದ್ದು ಬೇಕು, ಎಷ್ಟಾದ್ರೂ ಕೊಡ್ತೀನಿ ಅಂದ. ನನಗೆ ಗ್ಯಾರೇಜು ಮುಚ್ಚೋ ಹಾಗಾಗಿತ್ತು."

"ನನ್ನ ಕೇಳಬಹುದಿತ್ತಲ್ಲೋ."

"ಕೇಳಿದ್ರೆ ದುಡ್ಡು ಕೊಡ್ತಿದ್ದೆ, ಎಂಜಿನ್ ಕೊಡ್ತಿರ್ಲಿಲ್ಲ. ಸಾಯೋ ತನಕ ಮಾರಲ್ಲ ಅಂತ ನೀನೇ ಹೇಳ್ತಿದ್ದೆ. ಮಾರದ ಮೇಲೆ ಯಾರು ನೋಡ್ತಾರೆ ಅಂದ್ಕೊಂಡೆ. ಹಾಕಿದ್ದೂ ಒಳ್ಳೇ ಎಂಜಿನ್ನೇ. ಮೊದಲಿಗಿಂತ ಚೆನ್ನಾಗಿ ಓಡ್ತಿತ್ತು ತಾನೆ?"

"ಆಮೇಲೂ ಓಡಿಸ್ಬೇಡ, ಕಿಲೋಮೀಟರ್ ಏರುತ್ತೆ ಅಂತಿದ್ದೆಯಲ್ಲ. ಅದು ಯಾಕೆ?"

ಸ್ಪಾನರ್ ನೆಲ ನೋಡಿದ. "ಹೇಳೋದು ನಿಲ್ಲಿಸಿದ್ರೆ ನಿನಗೆ ಅನುಮಾನ ಬರ್ತಿತ್ತು."

"ನನ್ನ ಕಿವಿ?"

"ಅವತ್ತು ಬಾಯಿಗೆ ಬಂದಿದ್ದು ಅಂದುಬಿಟ್ಟೆ. ನೀನು ಡಾಕ್ಟರ ಹತ್ರ ಹೋಗ್ತೀಯ ಅಂತ ನನಗೇನು ಗೊತ್ತು."

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಲು ಅವರಿಗೆ ಬರುವುದೂ ಇಲ್ಲ. ಹೊರಗೆ ಬಂದು, ಮನೆಯ ಕಡೆ ಹೋಗುವ ಬದಲು ಎದುರು ದಿಕ್ಕಿಗೆ ತುಂಬ ದೂರ ನಡೆದುಬಿಟ್ಟಿದ್ದು ಅವರಿಗೆ ಗೊತ್ತಾದದ್ದು ಮಂಡಿ ಹಿಡಿದುಕೊಂಡಾಗ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡರು. "ಎಂಜಿನ್ ಹೋದ್ರೆ ಹೋಗ್ಲಿ ರೀ" ಎಂದರು. "ಅವನು ಕಳ್ಳ, ಸರಿ. ಆದ್ರೆ ನಾನು ಕೇಳಿದಾಗಲೆಲ್ಲ ಬೇಡ ಅಂದಿದ್ದು ಅವನಲ್ಲ, ನೀವು. ಅವನನ್ನ ಕೇಳ್ಕೊಂಡು ಬಂದು ನನಗೆ ಬೇಡ ಅಂದ್ರಿ. ಒಂದ್ಸಲಾನಾದ್ರೂ ನನ್ನ ಮಾತೇ ಮೇಲು ಅನ್ನಿಸ್ಲಿಲ್ವಾ?"

ಮೇಷ್ಟ್ರು ಎದ್ದು ಶೆಡ್ಡಿಗೆ ಹೋಗಿ ಕಾರಿಗೆ ಹೊದಿಕೆ ಹಾಕಿ ಬಂದರು.

ದೂರು ಕೊಟ್ಟರೆ ಕೇಸು ನಿಲ್ಲುತ್ತದೆ ಎಂದು ವಕೀಲರು ಹೇಳಿದರು. ಮೇಷ್ಟ್ರು ಕೊಡಲಿಲ್ಲ. ಇದನ್ನು ಕ್ಷಮೆ ಎಂದು ತಿಳಿದವರೂ ಇದ್ದಾರೆ. "ಕೋರ್ಟಿನಲ್ಲಿ ವರ್ಷಗಟ್ಟಲೆ ಅವನ ಮುಖ ನೋಡ್ಬೇಕಲ್ಲಪ್ಪ, ಅದು ನನ್ನಿಂದಾಗಲ್ಲ" ಎಂದಷ್ಟೇ ಅವರು ನನಗೆ ಹೇಳಿದ್ದು. ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತೇನೆ ಎಂದು ಸ್ಪಾನರ್ ಹೇಳಿಕಳುಹಿಸಿದ. ಇತ್ತ ಕಡೆಯಿಂದ ಮಾತು ಹೋಗಲಿಲ್ಲ. ಒಂದು ಸಂಜೆ ಅವನೇ ಮನೆಗೆ ಬಂದಾಗ ಬಾಗಿಲು ತೆರೆದ ಹೆಂಡತಿ, ಅವರು ಒಳಗಿದ್ದಾರೆ, ಆದರೆ ನಿಮಗೆ ಸಿಗುವುದಿಲ್ಲ ಎಂದು ಬಾಗಿಲು ಮುಚ್ಚಿದರು.

ಸಂಗ್ರಹಿಸುವವರು ಯಾರೂ ಕಾರಿನ ಹತ್ತಿರ ಬರಲಿಲ್ಲ. ಕೊನೆಗೆ ಒಬ್ಬ ಹಲ್ಲಿನ ಡಾಕ್ಟರಮ್ಮ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎಂಜಿನ್ನಿನ ಕಥೆಯನ್ನೆಲ್ಲ ಹೇಳಿ ಮುಗಿಸಿದರು. "ನನಗೆ ಓಡಿಸೋಕೆ ಬೇಕು ಸರ್, ಪೂಜೆಗಲ್ಲ" ಎಂದು ಅವಳು ಕೊಟ್ಟ ಬೆಲೆಗೆ ಅವರು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಅದಕ್ಕೆ ಅಗಲದ ಚಕ್ರ ಬಂದಿತ್ತು.

ಡ್ರೈವಿಂಗ್ ಸ್ಕೂಲಿನ ಕಾರು ಈಗ ಸ್ಪಾನರನ ಗ್ಯಾರೇಜಿರುವ ಬೀದಿ ತುದಿಗೆ ಹೋಗುವುದಿಲ್ಲ. ಹಿಂದಿನ ಗಲ್ಲಿಯಲ್ಲಿ ಸುತ್ತಿ ಹೋಗುತ್ತದೆ. ಕಲಿಯುವವರಿಗೆ ಆ ಇಕ್ಕಟ್ಟಿನ ತಿರುವು ಸಾಕುಸಾಕಾಗುತ್ತದೆ. ರಿಪೇರಿಗೂ ಬೇರೆ ಗ್ಯಾರೇಜು. ಮೊನ್ನೆ ಗೇರು ಸಿಕ್ಕಿಕೊಳ್ಳುತ್ತಿತ್ತೆಂದು ಮೇಷ್ಟ್ರು ಅಲ್ಲಿಗೆ ಹೊರಟಾಗ ನಾನೂ ಜೊತೆಯಲ್ಲಿದ್ದೆ. ಮೆಕ್ಯಾನಿಕ್ ನಡುವಯಸ್ಸಿನ ಸಂಭಾವಿತ. ಕುರ್ಚಿ ಹಾಕಿಸಿ ಚಹಾ ತರಿಸಿದ. ಮೇಷ್ಟ್ರು ಕೂರಲಿಲ್ಲ. ನೋಯುವ ಮಂಡಿಯಲ್ಲೇ ಕಾರಿನ ಪಕ್ಕ ನಿಂತು, ಅವನು ಬಿಚ್ಚಿಟ್ಟ ಒಂದೊಂದು ಭಾಗದ ಮೇಲೂ ಕಣ್ಣಿಟ್ಟಿದ್ದರು.

"ಕೂತ್ಕೊಳ್ಳಿ ಸರ್. ನಾನೇನು ಕದ್ಕೊಂಡು ಹೋಗ್ತೀನಾ?" ಎಂದು ಅವನು ನಕ್ಕ.

"ನೀವು ಅಂಥವರಲ್ಲ, ನನಗೆ ಗೊತ್ತು" ಎಂದರು ಮೇಷ್ಟ್ರು. ಆದರೂ ನಿಂತಲ್ಲಿಂದ ಕದಲಲಿಲ್ಲ. ಚಹಾ ಆರಿ ಕೆನೆ ಕಟ್ಟಿತು.